ನಿಜ, ಸತ್ಯ, ಸಾಕ್ಷಿ



ದಿನದ ಮಾತಿನಲ್ಲಿ ನಾವು "ನಿಜ" ಅಂತೀವಿ, ಧಾರವಾಡದ ಕಡೆಯವರು "ಖರೆ" ಅಂತಾರೆ. ಮಳೆ ಬಂದದ್ದು ನಿಜ, ಬಸ್ಸು ತಪ್ಪಿದ್ದು ಖರೆ. "ಸತ್ಯ" ಬಾಯಿಗೆ ಬರೋದು ಹೆಚ್ಚಾಗಿ ಎದುರಿನವರು ನಂಬದಿದ್ದಾಗ: "ಸತ್ಯವಾಗ್ಲೂ ನಾನು ತಗೊಂಡಿಲ್ಲ", ಹಿಂದೆಯೇ "ದೇವರಾಣೆ". ನಿಜ ನಡೆದ ಸಂಗತಿಗೆ ಸೇರಿದ್ದು, ಸತ್ಯ, ಹೇಳುವವನಿಗೆ.

ಗೋವಿನ ಹಾಡನ್ನೇ ನೋಡಿ. ಪುಣ್ಯಕೋಟಿ ಹುಲಿಗೆ ಹೇಳಿದ್ದು ಆಗಿಹೋದ ಸಂಗತಿಯಲ್ಲ, ಇನ್ನೂ ಆಗಬೇಕಾದದ್ದು: ಕರುವಿಗೆ ಹಾಲು ಕೊಟ್ಟು ವಾಪಸ್ ಬರ್ತೀನಿ ಅಂತ. ಅವಳು ನಡೆದು ಬಂದಾಗಲೇ ಅದು ಸತ್ಯವಾಯಿತು. ನಮ್ಮಲ್ಲಿ "ಭಾಷೆ" ಅಂದರೆ ಆಡುವ ನುಡಿಯೂ ಹೌದು, ಕೊಟ್ಟ ಮಾತೂ ಹೌದು. ಎಂಥ ಚೆಂದದ ಪದ!

ಇನ್ನು ಸಾಕ್ಷಿ. ಯಾರೂ ನೋಡದ ಕಡೆ ಬಾಳೆಹಣ್ಣು ತಿಂದು ಬನ್ನಿ ಅಂತ ವ್ಯಾಸರಾಯರು ಹೇಳಿದ್ದು, ಕನಕದಾಸರು ಹಣ್ಣನ್ನು ಹಾಗೇ ತಂದದ್ದು, ಆ ಕಥೆ ನಿಮಗೆಲ್ಲ ಗೊತ್ತು. ಗಮನಿಸಿ, ಉಳಿದ ಶಿಷ್ಯರೂ ಸುಳ್ಳು ಹೇಳಲಿಲ್ಲ. ಬಾಗಿಲು ಹಾಕಿಕೊಂಡದ್ದು ನಿಜವೇ. ಸಾಕ್ಷಿಯನ್ನು ಮಾತ್ರ ಲೆಕ್ಕಕ್ಕೆ ಬಿಟ್ಟಿದ್ದರು.

ಮಧ್ವಾಚಾರ್ಯರ ಸಿದ್ಧಾಂತದಲ್ಲಿ ಸಾಕ್ಷಿ ಅಂದರೆ ಜೀವಾತ್ಮನ ಸ್ವರೂಪಕ್ಕೇ ಸೇರಿದ ಇಂದ್ರಿಯ. ಕಣ್ಣು, ಕಿವಿ, ಮನಸ್ಸು ತಪ್ಪಬಹುದು. ಸುಖದುಃಖವನ್ನು ನೇರವಾಗಿ ಅರಿಯುವ ಸಾಕ್ಷಿ ತಪ್ಪೋದಿಲ್ಲ. "ಮನಸ್ಸಾಕ್ಷಿ ಒಪ್ಪಲ್ಲ" ಅಂತ ನಾವು ಹೇಳೋದು ಪೂರ್ತಿ ಇದೇ ಅಲ್ಲ. ಶಾಸ್ತ್ರದ ಸಾಕ್ಷಿ ತಿಳಿವಿನ ವಿಷಯ, ನಮ್ಮದು ನಡತೆಯ ವಿಷಯ. ಆದರೂ ತನ್ನೊಳಗೇ ತಿಳಿದಿರೋದನ್ನ ಅಲ್ಲಗಳೆಯೋಕಾಗಲ್ಲ ಅನ್ನೋದು ಎರಡಕ್ಕೂ ಸಾಮಾನ್ಯ.

ಪರದೇಶದಲ್ಲಿರೋ ನಮಗೆ ಇದು ಭಾನುವಾರದ ಫೋನಿನಲ್ಲಿ ಎದುರಾಗುತ್ತೆ. ಕೆಲಸ ಹೋಗಿ ಮೂರು ವಾರ ಆಗಿರುತ್ತೆ, "ಎಲ್ಲಾ ಆರಾಮಮ್ಮ" ಅಂತೀವಿ. ಆ ಕಡೆ ಅಮ್ಮನೂ ಮಂಡಿನೋವು ಮುಚ್ಚಿಟ್ಟು "ನನಗೇನಪ್ಪ, ಚೆನ್ನಾಗಿದ್ದೀನಿ" ಅಂತಾರೆ. ಇದು ಪಾಪವೇ?

ಮಹಾಭಾರತದ ಕರ್ಣಪರ್ವದಲ್ಲಿ ಶ್ರೀಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳ್ತಾನೆ. ಸತ್ಯವನ್ನೇ ವ್ರತ ಮಾಡಿಕೊಂಡಿದ್ದ ಆ ತಪಸ್ವಿ, ಅಡಗಿದ್ದವರ ಜಾಗವನ್ನು ದರೋಡೆಕೋರರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಅವರು ಸತ್ತರು, ಇವನು ನರಕಕ್ಕೆ ಹೋದ. ಹಾಗಾಗಿ ಇದ್ದದ್ದನ್ನೆಲ್ಲ ಒದರೋದೇ ಸತ್ಯ ಅಲ್ಲ. ಆದರೆ ಅಲ್ಲಿ ಉಳಿಯಬೇಕಿದ್ದದ್ದು ಇನ್ನೊಬ್ಬರ ಪ್ರಾಣ. ನಮ್ಮ "ಆರಾಮ" ಉಳಿಸೋದು ಅಮ್ಮನ ನಿದ್ದೆಯನ್ನೋ, ನಮ್ಮ ಮರ್ಯಾದೆಯನ್ನೋ? ನನ್ನ ಮಟ್ಟಿಗೆ ಬಹಳ ಸಲ ಎರಡನೆಯದೇ.

ಮುಂದಿನ ಸಲ ಮಕ್ಕಳಿಗೆ ಗೋವಿನ ಹಾಡು ಹೇಳಿಕೊಡುವಾಗ ಹುಲಿಯ ಹತ್ತಿರಕ್ಕೆ ಓಡಬೇಡಿ, ದೊಡ್ಡಿಯಲ್ಲಿ ಸ್ವಲ್ಪ ನಿಲ್ಲಿ. ಪುಣ್ಯಕೋಟಿ ಕರುವಿಗೆ ಏನು ಹೇಳಿ ಹೊರಟಳು ಅಂತ ಕೇಳಿ. ಹುಲಿಯ ವಿಷಯ ಮುಚ್ಚಿಡಲಿಲ್ಲ. ಎಲ್ಲ ಹೇಳಿ, ಕರುವನ್ನು ಜೊತೆಯ ಹಸುಗಳ ಕೈಗೆ ಒಪ್ಪಿಸಿಯೇ ಹೊರಟಳು.