ಫೋಟೋದಲ್ಲಿ ಇಲ್ಲದವರು

ಅಮೆರಿಕದಲ್ಲಿರುವ ಮಗನದೋ ಮಗಳದೋ ಮನೆಗೆ ಹೋಗಿ ಆರು ತಿಂಗಳು ಇದ್ದು ಬಂದವರ ಮೊಬೈಲಿನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ಹಿಂದೆ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಹೆಬ್ಬಂಡೆ, ಅದರ ಮೇಲೆ ಸುಣ್ಣದ ಗೀರಿನಂತೆ ಜಲಪಾತ. ಮುಂದೆ ಸ್ವೆಟರಿನ ಮೇಲೆ ಸೆರಗು ಹೊದ್ದ ಅಮ್ಮ, ಮಂಕಿ ಕ್ಯಾಪಿನ ಅಪ್ಪ. ಅಂಚಿನಲ್ಲಿ ಚೀನೀಯರು, ಜರ್ಮನರು, ಸೆಲ್ಫಿ ಕೋಲು ಹಿಡಿದ ನಮ್ಮವರೇ ನಾಲ್ಕು ಮಂದಿ. ‘ಇಡೀ ಪ್ರಪಂಚವೇ ಅಲ್ಲಿಗೆ ಬರುತ್ತೆ ಕಣಯ್ಯ’ ಎಂದು ಅಪ್ಪ ಹೇಳುತ್ತಾರೆ. ಹೇಳುವುದು ಸುಳ್ಳಲ್ಲ. ಆದರೆ ಹೊರದೇಶದಿಂದ ಬಂದವರನ್ನು ಒಂದು ಬದಿಗೆ ನಿಲ್ಲಿಸಿ, ಅಮೆರಿಕದಲ್ಲೇ ನೆಲೆಸಿದವರನ್ನಷ್ಟೇ ಜನಾಂಗವಾರು ಎಣಿಸತೊಡಗಿದರೆ ಚಿತ್ರ ಬೇರೆಯಾಗುತ್ತದೆ. ಆ ಎಣಿಕೆಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬುದೇ ಇವತ್ತಿನ ಪಾಠ.

ಮೊದಲು ಪದಗಳನ್ನು ನೋಡೋಣ. ‘ರಾಷ್ಟ್ರೀಯ ಉದ್ಯಾನ’ ಎಂದಾಗ ನಮ್ಮ ಕಿವಿಗೆ ‘ಉದ್ಯಾನ’ ಕೇಳಿಸಿ ಕಣ್ಣಿಗೆ ಲಾಲ್‌ಬಾಗ್ ಬರುತ್ತದೆ. ಇದು ಅದಲ್ಲ. 1872ರಲ್ಲಿ ಸ್ಥಾಪನೆಯಾದ ಮೊದಲ ಉದ್ಯಾನ ಯೆಲ್ಲೋಸ್ಟೋನ್ ಸುಮಾರು 9,000 ಚದರ ಕಿಲೋಮೀಟರ್ ಇದೆ. ನಮ್ಮ ನಾಗರಹೊಳೆಯಂಥ ಹದಿನಾಲ್ಕು ಕಾಡುಗಳನ್ನು ಅದರೊಳಗೆ ಹಾಸಬಹುದು. ಇವನ್ನೆಲ್ಲ ನೋಡಿಕೊಳ್ಳಲು 1916ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆ ಎಂಬ ಇಲಾಖೆ ಹುಟ್ಟಿತು. ಕಾಡು ಮಾತ್ರವಲ್ಲ, ಸ್ಮಾರಕ, ಯುದ್ಧಭೂಮಿ, ನಾಯಕರ ಮನೆಗಳೂ ಅದರ ಸುಪರ್ದಿಯಲ್ಲಿವೆ. 2024ರಲ್ಲಿ ಇವುಗಳಿಗೆ ಸುಮಾರು 33 ಕೋಟಿ ಭೇಟಿಗಳು ದಾಖಲಾದವು.

ಇನ್ನು ‘ಜನಾಂಗ’. ಇದು ರಕ್ತದಲ್ಲಿ ಬರೆದಿಟ್ಟ ವಿಷಯ ಎಂದುಕೊಂಡರೆ ಮುಂದಿನದೆಲ್ಲ ಗೋಜಲಾಗುತ್ತದೆ. ಅಮೆರಿಕದ ಜನಗಣತಿಯಲ್ಲಿ ಜನಾಂಗವೆಂದರೆ ಕಾಲಕಾಲಕ್ಕೆ ಬದಲಾಗುವ ಒಂದು ಕಲಂ, ಅಷ್ಟೆ. ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. 1920ರಿಂದ 1940ರವರೆಗಿನ ಮೂರು ಗಣತಿಗಳಲ್ಲಿ ಭಾರತದಿಂದ ಹೋದವರ ‘ಜನಾಂಗ’ ಹಿಂದೂ. ಅವರು ಸಿಖ್ಖರಿರಲಿ, ಮುಸಲ್ಮಾನರಿರಲಿ, ಕಲಂ ಅದೇ. 1970ರಲ್ಲಿ ಅವರನ್ನೇ ಬಿಳಿಯರ ಲೆಕ್ಕಕ್ಕೆ ಹಾಕಿದರು. 1980ರಿಂದ ಏಷ್ಯನ್ನರ ಸಾಲಿಗೆ ಬಂದರು. ಮನುಷ್ಯ ಅವನೇ, ಚರ್ಮವೂ ಅದೇ. ಅರವತ್ತು ವರ್ಷಗಳಲ್ಲಿ ಮೂರು ಜನಾಂಗ! ಹಾಗಂತ ಈ ಕಲಂಗಳು ಪೊಳ್ಳು ಎಂದು ತಳ್ಳಿಹಾಕುವಂತಿಲ್ಲ. ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂಬುದನ್ನು ನೂರಾರು ವರ್ಷ ಇವೇ ತೀರ್ಮಾನಿಸಿವೆ.

ಸರಿ, ಎಣಿಸುವುದು ಹೇಗೆ? ಗೇಟಿನಲ್ಲಿ ಕಾರುಗಳನ್ನು ಎಣಿಸಬಹುದು. ಕಾರಿನೊಳಗೆ ಕೂತವರ ಬಣ್ಣ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಇಲಾಖೆ ದೇಶದ ಮನೆಮನೆಗೆ ಫೋನ್ ಮಾಡಿಸಿ ಕೇಳಿತು: ಕಳೆದ ಎರಡು ವರ್ಷಗಳಲ್ಲಿ ಯಾವುದಾದರೂ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೀರಾ? ಹೋಗಿದ್ದರೆ ಹೆಸರು ಹೇಳಿ. ಹೆಸರು ಸರಿಯಿದ್ದರೆ ಮಾತ್ರ ಅವರು ‘ಸಂದರ್ಶಕರು’. 2008–09ರ ಸಮೀಕ್ಷೆಯಲ್ಲಿ ಹೀಗೆ ಸಿಕ್ಕ ಸಂದರ್ಶಕರಲ್ಲಿ ನೂರಕ್ಕೆ 78 ಮಂದಿ ಬಿಳಿಯರು. ಕಪ್ಪು ಜನ ನೂರಕ್ಕೆ 7. ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಸುಮಾರು 12. ಹತ್ತು ವರ್ಷ ಬಿಟ್ಟು, 2018ರಲ್ಲಿ, ಬಿಳಿಯರ ಪಾಲು 77. ಅಷ್ಟರಲ್ಲಿ ದೇಶದಲ್ಲಿ ಬಿಳಿಯರು ನೂರಕ್ಕೆ 60ರ ಆಸುಪಾಸಿಗೆ ಇಳಿದಿದ್ದರು. ಊರಿನ ಮುಖ ಬದಲಾಗುತ್ತಿತ್ತು, ಉದ್ಯಾನದ ಮುಖ ಹಾಗೇ ಉಳಿದಿತ್ತು.

ಇಲ್ಲಿಗೆ ಬಂದ ಕೂಡಲೇ ತರಗತಿಯಲ್ಲಿ ಯಾರಾದರೊಬ್ಬರು ಕೈಯೆತ್ತುತ್ತಾರೆ: ‘ಅವರಿಗೆ ದುಡ್ಡಿಲ್ಲ, ಅದಕ್ಕೇ.’ ಇನ್ನೊಬ್ಬರು: ‘ಅವರಿಗೆ ಕಾಡು ಇಷ್ಟವಿಲ್ಲ, ಅವರವರ ಅಭಿರುಚಿ.’ ನೀವೂ ಮನಸ್ಸಿನಲ್ಲಿ ಕೈಯೆತ್ತಿದ್ದರೆ ನಾಚಿಕೊಳ್ಳಬೇಕಿಲ್ಲ. 1978ರಲ್ಲಿ ರ‍್ಯಾಂಡೆಲ್ ವಾಶ್‌ಬರ್ನ್ ಎಂಬ ಸಂಶೋಧಕರು ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿಕೊಂಡಾಗ ಅವರ ಮುಂದೆ ಇದ್ದದ್ದೂ ಹೆಚ್ಚುಕಡಿಮೆ ಇವೇ ಎರಡು ಉತ್ತರ: ಬಡತನ ಮತ್ತು ಸಂಸ್ಕೃತಿ. ನಂತರದ ಸಂಶೋಧನೆಯೆಲ್ಲ ಇವೆರಡರ ಜೊತೆ ಜಗಳವಾಡುತ್ತಲೇ ಬೆಳೆಯಿತು.

ದುಡ್ಡಿನ ಮಾತಿನಲ್ಲಿ ಅರ್ಧ ಸತ್ಯವಿದೆ. ಯೊಸೆಮಿಟಿಗೆ ಒಂದು ಕಾರಿಗೆ 35 ಡಾಲರ್ ಪ್ರವೇಶಶುಲ್ಕ ನಿಗದಿಯಾಗಿತ್ತು. ಕಾರು ತುಂಬ ಜನ ಕೂತರೂ ಅಷ್ಟೇ. ಭಾರವಾಗುವುದು ಗೇಟಿನ ಚೀಟಿಯಲ್ಲ. ಕಾರು ಬೇಕು, ಪೆಟ್ರೋಲ್ ಬೇಕು, ಸಂಬಳ ಕತ್ತರಿಸದ ರಜೆ ಬೇಕು, ಡೇರೆ, ಮಲಗುವ ಚೀಲ, ಬೂಟು ಬೇಕು. ಆದರೂ ಒಂದೇ ಆದಾಯದ ಬಿಳಿಯರನ್ನೂ ಕಪ್ಪು ಜನರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಹಲವು ಅಧ್ಯಯನಗಳಲ್ಲಿ ಅಂತರ ಪೂರ್ತಿ ಮುಚ್ಚಿಲ್ಲ. ಅಲ್ಲಿಗೆ ದುಡ್ಡಿನ ಉತ್ತರ ಅರ್ಧದಲ್ಲೇ ನಿಂತಿತು.

‘ಇಷ್ಟವಿಲ್ಲ’ ಎಂಬ ಉತ್ತರ ನನಗಂತೂ ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಮಿಶಿಗನ್ ರಾಜ್ಯದಲ್ಲಿ ಐಡಲ್‌ವೈಲ್ಡ್ ಎಂಬ ಊರಿದೆ. ಪೈನ್ ಮರಗಳ ನಡುವೆ ಕೆರೆ. 1912ರಿಂದ 1960ರ ದಶಕದವರೆಗೆ ಕಪ್ಪು ಕುಟುಂಬಗಳು ಬೇಸಿಗೆಯಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಿ ಈಜಿದವು, ಮೀನು ಹಿಡಿದವು, ಸಂಜೆ ಹಾಡು ಕೇಳಿದವು. ಫ್ಲಾರಿಡಾದಲ್ಲಿ ‘ಅಮೆರಿಕನ್ ಬೀಚ್’ ಎಂಬ ಕಡಲತೀರ 1935ರಲ್ಲಿ ಕಪ್ಪು ಜನರಿಗೆಂದೇ ಹುಟ್ಟಿತು. ಕಾಡು, ಕೆರೆ, ಕಡಲು ಅವರಿಗೆ ಬೇಡವಾಗಿರಲಿಲ್ಲ. ಅವಮಾನವಾಗದ ಜಾಗ ಬೇಕಿತ್ತು, ಅದನ್ನು ಅವರೇ ಕಟ್ಟಿಕೊಂಡರು.

ಹಾಗಾದರೆ ರಾಷ್ಟ್ರೀಯ ಉದ್ಯಾನದಲ್ಲಿ ಅವಮಾನವಾಗುತ್ತಿತ್ತೇ? ಸ್ವಲ್ಪ ಹೊತ್ತು ವರ್ಜೀನಿಯಾದ ಶೆನಾಂಡೋವದಲ್ಲಿ ನಿಲ್ಲೋಣ. ರಾಜಧಾನಿ ವಾಷಿಂಗ್ಟನ್‌ನಿಂದ ಎರಡು ಗಂಟೆಯೊಳಗಿನ ದಾರಿ. 1935ರಲ್ಲಿ ಉದ್ಯಾನವಾಯಿತು. ಬೆಟ್ಟದ ನೆತ್ತಿಯ ಮೇಲೆ ಹರಿದುಹೋಗುವ 105 ಮೈಲಿಯ ಸ್ಕೈಲೈನ್ ರಸ್ತೆಯೇ ಅದರ ಹೆಮ್ಮೆ. ಜಾಗ ಕೇಂದ್ರ ಸರ್ಕಾರದ್ದು. ಆದರೆ ‘ಸ್ಥಳೀಯ ಪದ್ಧತಿ’ಗೆ ತಲೆಬಾಗುವುದು ಇಲಾಖೆಯ ನೀತಿ. ವರ್ಜೀನಿಯಾದ ಪದ್ಧತಿ ಏನೆಂದರೆ ಬಿಳಿಯರೂ ಕಪ್ಪು ಜನರೂ ಒಂದೇ ಮೇಜಿನಲ್ಲಿ ಕೂತು ಉಣ್ಣಬಾರದು. ಹಾಗಾಗಿ 1939ರಲ್ಲಿ ಲೂಯಿಸ್ ಮೌಂಟನ್ ಎಂಬ ಜಾಗದಲ್ಲಿ ಕಪ್ಪು ಜನರಿಗೆಂದೇ ಬೇರೆ ಊಟದ ಮನೆ, ಬೇರೆ ಕುಟೀರ, ಬೇರೆ ಬಿಡಾರ ತೆರೆದರು. ರಸ್ತೆಬದಿಯ ಫಲಕದಲ್ಲೇ ‘ಲೂಯಿಸ್ ಮೌಂಟನ್ ನೀಗ್ರೋ ವಲಯ’ ಎಂದು ಬರೆಸಿದರು. ಹಳ್ಳಿಯ ಹೋಟೆಲಿನಲ್ಲಿ ಬೇರೆ ಲೋಟ ನೋಡಿದ ನಮ್ಮ ಓದುಗರಿಗೆ ಈ ಫಲಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಗಿನಿಂದಲೇ ಪ್ರತಿರೋಧವೂ ಇತ್ತು. ಆಗಿನ ಒಳಾಡಳಿತ ಮಂತ್ರಿ ಹೆರಾಲ್ಡ್ ಇಕಿಸ್. ಅವರಿಗೆ ಸಲಹೆಗಾರರಾಗಿದ್ದವರು ವಿಲಿಯಂ ಟ್ರೆಂಟ್ ಎಂಬ ಕಪ್ಪು ಅಧಿಕಾರಿ. ಟ್ರೆಂಟ್ ಪಟ್ಟು ಬಿಡದೆ ಒತ್ತಾಯಿಸಿದ್ದರಿಂದ ಮೊದಲು ಒಂದು ಪಿಕ್ನಿಕ್ ಜಾಗ ಎಲ್ಲರಿಗೂ ತೆರೆಯಿತು. ಅಷ್ಟರಲ್ಲಿ ಯುದ್ಧ ಬಂತು. ಇಡೀ ಶೆನಾಂಡೋವದಲ್ಲಿ ಬೇರ್ಪಡಿಕೆ ಹೋಗಲು 1950 ಬರಬೇಕಾಯಿತು. ಉದ್ಯಾನದ ಬಾಗಿಲು ತೆರೆದರೂ ದಾರಿ ತೆರೆದಿರಲಿಲ್ಲ. ದಾರಿಯ ಹೋಟೆಲು, ಪೆಟ್ರೋಲ್ ಬಂಕು, ಶೌಚಾಲಯಗಳಲ್ಲಿ ಬೇರ್ಪಡಿಸುವುದು ಕಾನೂನಿನ ಪ್ರಕಾರ ತಪ್ಪಾದದ್ದು 1964ರಲ್ಲಿ. ಆ ಕಾಲದಲ್ಲಿ ಎಲ್ಲಿ ತಂಗಿದರೆ ಕ್ಷೇಮ ಎಂದು ತಿಳಿಸಲು ಹಾರ್ಲೆಮ್‌ನ ವಿಕ್ಟರ್ ಗ್ರೀನ್ ಎಂಬ ಅಂಚೆಯವರು 1936ರಿಂದ ಒಂದು ಕೈಪಿಡಿಯನ್ನೇ ಹೊರತರುತ್ತಿದ್ದರು. ಕಾಡಿನಲ್ಲಿ ಕರಡಿಗಿಂತ ಮನುಷ್ಯನಿಗೆ ಹೆದರಬೇಕು ಎಂಬುದು ಅಜ್ಜಿ ಹೇಳಿದ ಬುದ್ಧಿಮಾತಾಗಿ ಮೊಮ್ಮಕ್ಕಳ ತನಕ ಹರಿದುಬಂದಿದ್ದರೆ ಅದನ್ನು ‘ಅಭಿರುಚಿ’ ಎನ್ನಲು ಬರುವುದಿಲ್ಲ. ಭೂಗೋಳಶಾಸ್ತ್ರಜ್ಞೆ ಕ್ಯಾರೊಲಿನ್ ಫಿನ್ನಿ 2014ರ ತಮ್ಮ ಪುಸ್ತಕದಲ್ಲಿ ಕಾಡಿನ ಈ ನೆನಪುಗಳನ್ನೇ ಹಿಡಿದು ಬರೆದಿದ್ದಾರೆ.

ಈ ಕಾಡುಗಳ ಮೊದಲ ಕಾವಲುಗಾರರಲ್ಲೇ ಕಪ್ಪು ಜನ ಇದ್ದರು ಎಂಬುದನ್ನು ಕೇಳಿದಾಗ ನನಗೆ ಬಹಳ ಹೊತ್ತು ನಂಬಿಕೆ ಬರಲಿಲ್ಲ. ಇಲಾಖೆ ಹುಟ್ಟುವ ಮೊದಲು ಉದ್ಯಾನಗಳನ್ನು ಕಾಯುತ್ತಿದ್ದದ್ದು ಸೈನ್ಯ. 1899ರಲ್ಲಿ, ಮತ್ತೆ 1903 ಮತ್ತು 1904ರಲ್ಲಿ, ‘ಬಫೆಲೊ ಸೋಲ್ಜರ್ಸ್’ ಎನಿಸಿಕೊಂಡ ಕಪ್ಪು ತುಕಡಿಗಳು ಯೊಸೆಮಿಟಿ, ಸೆಕ್ವೋಯ ಕಾಡುಗಳಲ್ಲಿ ಗಸ್ತು ತಿರುಗಿದವು. 1903ರ ಬೇಸಿಗೆಯಲ್ಲಿ ಸೆಕ್ವೋಯದ ಆಡಳಿತ ನೋಡಿಕೊಂಡವರು ಕ್ಯಾಪ್ಟನ್ ಚಾರ್ಲ್ಸ್ ಯಂಗ್. ಗುಲಾಮರ ಮನೆಯಲ್ಲಿ ಹುಟ್ಟಿ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಪಾಸಾದ ಮೂರನೆಯ ಕಪ್ಪು ಮನುಷ್ಯ. ವರ್ಷಗಟ್ಟಲೆ ಕುಂಟುತ್ತಿದ್ದ ದೈತ್ಯಮರಗಳ ಕಾಡಿನ ರಸ್ತೆಯನ್ನು ಅವರ ಜನ ಒಂದೇ ಬೇಸಿಗೆಯಲ್ಲಿ ಮುಗಿಸಿದರು. ಊರವರು ಸಂತೋಷಪಟ್ಟು ಒಂದು ಮರಕ್ಕೆ ಅವರ ಹೆಸರಿಡಲು ಹೋದರೆ, ಇಪ್ಪತ್ತು ವರ್ಷ ಕಳೆದ ಮೇಲೂ ಇದೇ ಮನಸ್ಸಿದ್ದರೆ ಇಡಿ ಎಂದುಬಿಟ್ಟರು. ಆ ಹೆಸರು ಮರಕ್ಕೆ ಬಂದದ್ದು 2004ರಲ್ಲಿ.

ಯೊಸೆಮಿಟಿಯ ವವೋನ ರಸ್ತೆ, ಟಿಯೋಗ ರಸ್ತೆಗಳನ್ನು 1870–80ರ ದಶಕಗಳಲ್ಲಿ ಕಡಿದವರಲ್ಲಿ ಚೀನೀ ಕೂಲಿಗಳು ಬಹಳ. ಎಲ್ಲರಿಗಿಂತ ಮೊದಲು ಆ ಕಣಿವೆಯಲ್ಲಿದ್ದವರು ಅಹ್ವಾನೀಚಿ ಎಂಬ ಮೂಲನಿವಾಸಿಗಳು. 1851ರಲ್ಲಿ ಬಂದೂಕಿನ ತಂಡವೊಂದು ನುಗ್ಗಿ ಅವರ ಹಾಡಿಗಳನ್ನು ಸುಟ್ಟಿತು. ಮರಳಿ ಬಂದು ನೆಲೆಸಿದವರ ಕೊನೆಯ ಹಳ್ಳಿಯನ್ನು 1969ರಲ್ಲಿ ಉದ್ಯಾನದ ಆಡಳಿತವೇ ನೆಲಸಮ ಮಾಡಿತು. ‘ಮನುಷ್ಯ ಮುಟ್ಟದ ಕಾಡು’ ಎಂದು ನಾವು ಫೋಟೋ ತೆಗೆಯುವುದು ಹೀಗೆ ಖಾಲಿ ಮಾಡಿಸಿದ ಮನೆಯಂಗಳದಲ್ಲಿ. ನಾಗರಹೊಳೆಯ ಜೇನುಕುರುಬರ ಹಾಡಿಗಳ ಕಥೆ ಗೊತ್ತಿರುವವರಿಗೆ ಇಲ್ಲಿ ಗಂಟಲು ಕಟ್ಟೀತು.

ಇದು ಕಪ್ಪು–ಬಿಳಿ ಎರಡೇ ಬಣ್ಣದ ಲೆಕ್ಕವೂ ಅಲ್ಲ. ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು ಅಜ್ಜಿ, ಚಿಕ್ಕಪ್ಪ, ಹತ್ತಾರು ಮಕ್ಕಳೊಡನೆ ಹೊರಡುವುದೇ ಹೆಚ್ಚು. ಯೊಸೆಮಿಟಿಯ ಬಿಡಾರದ ನಿಯಮದಲ್ಲಿ ಒಂದು ಜಾಗಕ್ಕೆ ಆರೇ ಮಂದಿ. ಫಲಕಗಳು ಇಂಗ್ಲಿಷಿನಲ್ಲಿ. ರೇಂಜರಿನ ಸಮವಸ್ತ್ರವೋ, ಗಡಿಪೊಲೀಸರ ಬಟ್ಟೆಯನ್ನು ನೆನಪಿಸುವಂಥದ್ದು. ಇವುಗಳಲ್ಲಿ ಯಾವುದೂ ದ್ವೇಷದಿಂದ ಹುಟ್ಟಿದ್ದಲ್ಲ. ‘ಉದ್ಯಾನಕ್ಕೆ ಬರುವವರು’ ಎಂದಾಗ ಯೋಜನೆ ಹಾಕಿದವರ ಕಣ್ಣ ಮುಂದೆ ಬಂದದ್ದು ಗಂಡ, ಹೆಂಡತಿ, ಎರಡು ಮಕ್ಕಳ ಒಂದು ಸಂಸಾರ. ಮಿಕ್ಕದ್ದೆಲ್ಲ ಅದರಿಂದ ಹರಿದುಬಂತು. ಕ್ಯಾಲಿಫೋರ್ನಿಯಾದ ನಮ್ಮ ಕನ್ನಡದ ಮನೆಗಳೂ ಈ ಆರರ ಲೆಕ್ಕಕ್ಕೆ ಸಿಕ್ಕಿ ಒದ್ದಾಡುತ್ತವೆ: ಎರಡು ಸಂಸಾರ, ಊರಿಂದ ಬಂದ ಬೀಗರು, ಡಬ್ಬಿಗಳ ತುಂಬ ಚಿತ್ರಾನ್ನ. ಅಂದಹಾಗೆ ಆ ಡಬ್ಬಿಗಳನ್ನು ಕಾರಿನಲ್ಲೇ ಬಿಟ್ಟು ಮಲಗಬೇಡಿ. ಬಿಡಾರದಲ್ಲಿ ಊಟದ ಸಾಮಾನಿಗೆಂದೇ ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಒಗ್ಗರಣೆಯ ವಾಸನೆಗೆ ಕರಡಿ ಜಾತಿಭೇದ ಮಾಡುವುದಿಲ್ಲ.

ಬದಲಾವಣೆ ಬರುತ್ತಿಲ್ಲವೇ? ಬರುತ್ತಿದೆ, ಎತ್ತಿನಗಾಡಿಯ ವೇಗದಲ್ಲಿ. 1962ರಲ್ಲಿ ಗ್ರ್ಯಾಂಡ್ ಟೀಟನ್‌ನಲ್ಲಿ ಬೇಸಿಗೆ ರೇಂಜರಾಗಿ ಸೇರಿದ ರಾಬರ್ಟ್ ಸ್ಟಾಂಟನ್ 1997ರಲ್ಲಿ ಇಡೀ ಇಲಾಖೆಯ ಮೊದಲ ಕಪ್ಪು ನಿರ್ದೇಶಕರಾದರು. ಮೂಲನಿವಾಸಿಯೊಬ್ಬರು, ಚಾರ್ಲ್ಸ್ ಸ್ಯಾಮ್ಸ್, ಆ ಕುರ್ಚಿಯಲ್ಲಿ ಕೂರಲು 2021 ಆಯಿತು. ನನಗೆ ಇವುಗಳಿಗಿಂತ ಹೆಚ್ಚು ಭರವಸೆ ಹುಟ್ಟಿಸುವುದು ಜನರೇ ಮಾಡಿಕೊಂಡ ಏರ್ಪಾಡು. 2009ರಲ್ಲಿ ಓಕ್‌ಲ್ಯಾಂಡಿನ ರೂ ಮ್ಯಾಪ್ ಎಂಬವರು ‘ಔಟ್‌ಡೋರ್ ಆಫ್ರೋ’ ಶುರುಮಾಡಿದರು. 2013ರಲ್ಲಿ ಹೊಸೆ ಗೊನ್ಸಾಲೆಸ್ ‘ಲ್ಯಾಟಿನೊ ಔಟ್‌ಡೋರ್ಸ್’ ಕಟ್ಟಿದರು. ಇವರು ಮಾಡುವುದು ಸರಳ ಕೆಲಸ: ಮೊದಲ ಸಲ ಹೋಗುವವರಿಗೆ ಜೊತೆ ಸಿಗುವಂತೆ ನೋಡಿಕೊಳ್ಳುವುದು. ಒಬ್ಬರೇ ಹೋದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಹದಿನೈದು ಜನ ಹೋದರೆ ಅದು ಪ್ರವಾಸ.

ಶೆನಾಂಡೋವದ ಲೂಯಿಸ್ ಮೌಂಟನ್ ಈಗಲೂ ಇದೆ, ಸ್ಕೈಲೈನ್ ರಸ್ತೆಯ 57ನೇ ಮೈಲಿಗಲ್ಲು ದಾಟಿದ ಕೂಡಲೇ. ಆ ಉದ್ಯಾನದ ಬಿಡಾರಗಳಲ್ಲೆಲ್ಲ ಚಿಕ್ಕದು. ಹಳೆಯ ಫಲಕ ಇಲ್ಲ, ಕುಟೀರಗಳಿವೆ. ಋತು ತೆರೆದಾಗ ಮುಂಗಡ ಕಾದಿರಿಸಿದ ಯಾರು ಬೇಕಾದರೂ ಅಲ್ಲಿ ರಾತ್ರಿ ಉಳಿಯಬಹುದು.