ಮಂಡನೆಗೆ ಮುನ್ನ ಸೋರಿದ ವರದಿ: ಹಕ್ಕುಚ್ಯುತಿ ಕುರಿತು ಎರಡು ಅವಧಿಗಳ ಪಾಠ

ಸಂದರ್ಭ
ಇಳಕಲ್ಲಿನ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ ನಡೆದಿತ್ತು. ನನ್ನ ವಿಷಯ ವಿಜ್ಞಾನ. ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದುದರಿಂದ 9ನೇ ತರಗತಿಗೆ ರಾಜ್ಯ ಶಾಸಕಾಂಗದ ಬಗ್ಗೆ ಎರಡು ಅವಧಿ ಪಾಠ ಮಾಡಬೇಕಾಯಿತು.

ಬೋಧನೋದ್ದೇಶಗಳು
1. ಶಾಸಕಾಂಗಕ್ಕೆ ವಿಶೇಷ ಹಕ್ಕುಗಳು ಏಕೆ ಇವೆ ಎಂಬುದನ್ನು ವಿವರಿಸುವರು.
2. ಯಾವ ಸೋರಿಕೆ ಹಕ್ಕುಚ್ಯುತಿಯಾಗಬಲ್ಲದು, ಯಾವುದು ಅಲ್ಲ ಎಂದು ವಿಂಗಡಿಸುವರು.

ಮೊದಲ ಅವಧಿ
"ನಮ್ಮ ಹುನಗುಂದ ಕ್ಷೇತ್ರದ ಶಾಸಕರು ಸದನದಲ್ಲಿ ಆಡಿದ ಮಾತಿಗೆ ಅವರ ಮೇಲೆ ಕೋರ್ಟಿನಲ್ಲಿ ದಾವೆ ಹಾಕಬಹುದೇ?" ಎಂಬ ಪ್ರಶ್ನೆಯಿಂದ ಆರಂಭಿಸಿದೆ. ಹಾಕಲಾಗದು. ಸಂವಿಧಾನದ 194ನೇ ವಿಧಿ ಆ ರಕ್ಷಣೆ ಕೊಟ್ಟಿದೆ. ಸಂಸತ್ತಿಗೆ 105ನೇ ವಿಧಿ ಇದೆ. ಸದನದ ಸಮಿತಿಯ ವರದಿ ಮಂಡನೆಯಾಗುವವರೆಗೆ ಗೋಪ್ಯ ಎಂಬಲ್ಲಿಗೆ ಬಂದಾಗ, ಸುಲಭವಾಗಲೆಂದು "ಪ್ರಶ್ನೆಪತ್ರಿಕೆ ಸೋರಿದ ಹಾಗೆ" ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: "ಪ್ರಶ್ನೆಪತ್ರಿಕೆ ಸೋರಿದ್ರ ಓದಿದವ್ರಿಗೆ ಅನ್ಯಾಯ ಆಗತೈತ್ರಿ ಸರ. ವರದಿ ಸೋರಿದ್ರ ಯಾರಿಗ್ರೀ ಅನ್ಯಾಯ?" ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಎರಡನೆಯ ಅವಧಿ
ಮೂರು ಘಟನೆಗಳನ್ನು ಚೀಟಿಯಲ್ಲಿ ಬರೆದು ಗುಂಪುಗಳಿಗೆ ಕೊಟ್ಟೆ. ಕಪ್ಪು ಹಲಗೆಯ ಮೇಲೆ ಎರಡು ಪ್ರಶ್ನೆ: ವರದಿ ಯಾರದು? ಹೊರಬಿದ್ದದ್ದು ಮಂಡನೆಗೆ ಮುನ್ನವೋ, ನಂತರವೋ?

ಅ) ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿ ಸಲ್ಲಿಕೆಯಾದದ್ದು 2011ರ ಜುಲೈ 27ರಂದು, ಅದಕ್ಕೂ ಮುನ್ನವೇ ಅದರ ಅಂಶಗಳು ಸುದ್ದಿಯಾದವು.

ಆ) 2017ರ ಜೂನ್ 21ರಂದು ನಮ್ಮ ವಿಧಾನಸಭೆ ಸಂಪಾದಕರಾದ ರವಿ ಬೆಳಗೆರೆ ಮತ್ತು ಅನಿಲ್ ರಾಜು ಅವರಿಗೆ ಹಕ್ಕುಚ್ಯುತಿಗಾಗಿ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. ಕಾರಣ, ಶಾಸಕರ ವಿರುದ್ಧ ಬರೆದ ಲೇಖನಗಳು.

ಇ) ಸಂಸದೆ ಮಹುವಾ ಮೊಯಿತ್ರಾ ಕುರಿತ ಲೋಕಸಭೆಯ ನೈತಿಕ ಸಮಿತಿಯ ಕರಡು ವರದಿ, 2023ರ ನವೆಂಬರ್ 9ರಂದು ಸಮಿತಿ ಅಂಗೀಕರಿಸುವ ಮೊದಲೇ ಸುದ್ದಿಯಾಯಿತು. ಮಂಡನೆಯಾದದ್ದು ಡಿಸೆಂಬರ್ 8ರಂದು.

ಹೆಚ್ಚಿನ ಗುಂಪುಗಳು 'ಅ' ಚೀಟಿಯನ್ನೂ ಹಕ್ಕುಚ್ಯುತಿಯ ಸಾಲಿಗೆ ಇಟ್ಟವು. ಲೋಕಾಯುಕ್ತ ಸಂಸ್ಥೆ ಸದನದ ಸಮಿತಿಯಲ್ಲ. ಸಮಿತಿಯ ಗೋಪ್ಯತೆಯ ನಿಯಮ ಅದಕ್ಕೆ ಅನ್ವಯಿಸದು ಎಂದಾಗ ಚೀಟಿ ಪಕ್ಕಕ್ಕೆ ಸರಿಯಿತು. 'ಆ' ಹಕ್ಕುಚ್ಯುತಿ, ಆದರೆ ಸೋರಿಕೆಯಲ್ಲ. ಎರಡೂ ಪ್ರಶ್ನೆಗೆ ಹೊಂದಿದ್ದು 'ಇ' ಮಾತ್ರ.

ಬಳಿಕ ಹುಡುಗಿಯ ಪ್ರಶ್ನೆಗೆ ಮರಳಿದೆವು. ಕರಡು ಇನ್ನೂ ಬದಲಾಗಬಹುದು. ಅದನ್ನೇ ತೀರ್ಪೆಂದು ಜನ ನಂಬಿದರೆ ಆರೋಪ ಹೊತ್ತವರಿಗೆ ಅನ್ಯಾಯ. ಗುಟ್ಟಾಗಿ ಸಾಕ್ಷಿ ಹೇಳಿದವರಿಗೂ ಅಪಾಯ. "ಹಂಗಾದ್ರ ವರದಿ ಮಂಡನೆನ ಮಾಡದ ಇಟ್ಕೊಂಡ್ರ?" ಎಂದು ಮತ್ತೊಬ್ಬ ಕೇಳಿದ. ಆಗ ಅನ್ಯಾಯ ಜನರಿಗೆ ಎಂದು ತರಗತಿಯೇ ಹೇಳಿತು.

ಮೌಲ್ಯಮಾಪನ
"'ಆ' ಚೀಟಿಯಲ್ಲಿ ದೂರಿದವರು ಯಾರು, ತೀರ್ಪು ಕೊಟ್ಟವರು ಯಾರು?" ಎಂದು ಬರೆಯಿಸಿದೆ. ದೂರಿದವರು ಶಾಸಕರು, ತೀರ್ಪು ಶಾಸಕರ ಸದನದ್ದೇ ಎಂಬುದನ್ನು ಬಹುಪಾಲು ಮಕ್ಕಳು ಗುರುತಿಸಿದರು. ಅದು ಸರಿಯೇ ಎಂಬುದಕ್ಕೆ ಒಂದೇ ಉತ್ತರ ಬರಲಿಲ್ಲ; ನಾನೂ ಬೇಡಲಿಲ್ಲ.

ಆತ್ಮಾವಲೋಕನ
ನನ್ನ ಹೋಲಿಕೆಯೇ ತಪ್ಪಿತ್ತು. ಪ್ರಶ್ನೆಪತ್ರಿಕೆಯ ಸೋರಿಕೆ ಎಲ್ಲರ ಕಣ್ಣಿಗೂ ಮೋಸವೇ. ಆ ಹೋಲಿಕೆ ಕೊಟ್ಟಾಗ, ಮಕ್ಕಳು ಯೋಚಿಸುವ ಮೊದಲೇ ತೀರ್ಪನ್ನೂ ಕೊಟ್ಟುಬಿಟ್ಟಿದ್ದೆ. ಮುಂದಿನ ಸಲ ಚೀಟಿಗಳಿಂದಲೇ ಪಾಠ ಆರಂಭಿಸುವೆ.