ಫಾಕ್ಸ್‌ಪ್ರೊದಲ್ಲಿ ಉಳಿದ ಪುಸ್ತಕಪಟ್ಟಿ

ಫಾಕ್ಸ್‌ಪ್ರೊದಲ್ಲಿರುವ ಹಳೆಯ ಪುಸ್ತಕಪಟ್ಟಿಯನ್ನು ಮರಳಿ ಪಡೆಯಬಹುದೇ ಎಂದು ಪ್ರಶ್ನೆ ಕಳುಹಿಸಿದ ಗ್ರಂಥಪಾಲಕರು ಅದರ ಆಸೆ ಬಿಡಬೇಕಾಗಿಲ್ಲ. ವಿಷುಯಲ್ ಫಾಕ್ಸ್‌ಪ್ರೊ ಎಂಬ ದತ್ತಸಂಚಯ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2015ರಲ್ಲಿಯೇ ನಿಂತಿದ್ದರೂ, ಅದರ ಡಿಬಿಎಫ್ ಕಡತ, ಅಂದರೆ ಮಾಹಿತಿಯನ್ನು ಕೋಷ್ಟಕರೂಪದಲ್ಲಿ ಹಿಡಿದಿಡುವ ಕಡತ, ಸರಳ ರಚನೆಯದಾದ್ದರಿಂದ ಲಿಬ್ರೆಆಫೀಸ್‌ನಂತಹ ಉಚಿತ ತಂತ್ರಾಂಶದಲ್ಲಿ ಇಂದಿಗೂ ತೆರೆದುಕೊಳ್ಳುತ್ತದೆ. ಆದರೆ ಮೂಲವನ್ನು ಮುಟ್ಟದೆ ಇಡೀ ಫೋಲ್ಡರಿನ ನಕಲಿನ ಮೇಲೆಯೇ ಕೆಲಸ ಮಾಡುವುದು ಕಡ್ಡಾಯ. ದೀರ್ಘ ಟಿಪ್ಪಣಿಗಳು ಅದೇ ಹೆಸರಿನ ಎಫ್‌ಪಿಟಿ ಕಡತದಲ್ಲಿ ಪ್ರತ್ಯೇಕವಾಗಿರುವುದರಿಂದ ಡಿಬಿಎಫ್ ಒಂದನ್ನೇ ಒಯ್ದರೆ ಅವು ಕೈತಪ್ಪುತ್ತವೆ.

ಅಳಿಸಿದ ನಮೂದುಗಳೂ ಸಿಗುವ ಸಾಧ್ಯತೆಯಿದೆ. ಅಳಿಸಿದಾಗ ನಮೂದಿನ ಮೊದಲ ಬೈಟ್‌ನಲ್ಲಿ ನಕ್ಷತ್ರಚಿಹ್ನೆ ಬೀಳುತ್ತದೆಯೇ ಹೊರತು, ‘ಪ್ಯಾಕ್’ ಆದೇಶ ಕೊಡುವವರೆಗೆ ಉಳಿದುದೆಲ್ಲ ಹಾಗೆಯೇ ಇರುತ್ತದೆ.

ನಿಜವಾದ ತೊಡಕು ಕನ್ನಡ ಲಿಪಿಯದು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ ಲ್ಯಾಟಿನ್ ಅಕ್ಷರಗಳ ಸಂಕೇತಗಳಿಗೇ ಕನ್ನಡ ಅಕ್ಷರಭಾಗಗಳ ಆಕಾರವನ್ನು ಹೊಂದಿಸಿದ್ದರಿಂದ, ಆ ಫಾಂಟ್ ಇಲ್ಲದ ಗಣಕದಲ್ಲಿ ‘ನ’ಕಾರದ ಜಾಗದಲ್ಲಿ ಪೌಂಡ್ ಚಿಹ್ನೆ ಕಾಣುತ್ತದೆ; ಇದನ್ನು ಕಂಡು ಕಡತ ಕೆಟ್ಟಿದೆಯೆಂದು ಭಾವಿಸಿ ಎಸೆಯುವುದು ದೊಡ್ಡ ನಷ್ಟ. ತೆರೆಯುವಾಗ ವಿಂಡೋಸ್-1252 ಎಂಬ ಪಶ್ಚಿಮ ಯುರೋಪಿನ ಸಂಕೇತಪಟ್ಟಿಯನ್ನು ಆರಿಸಿದರೆ ಸಂಕೇತಗಳು ಬದಲಾಗದೆ ಬರುತ್ತವೆ. ಬಳಿಕ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನು ಶೀರ್ಷಿಕೆ, ಲೇಖಕರಂತಹ ಕನ್ನಡ ಕಾಲಮುಗಳಿಗೆ ಮಾತ್ರ ಅನ್ವಯಿಸಬೇಕು, ಏಕೆಂದರೆ ಇಂಗ್ಲಿಷ್ ಕಾಲಮುಗಳಿಗೂ ಹಚ್ಚಿದರೆ ಅವು ಅರ್ಥವಿಲ್ಲದ ಕನ್ನಡವಾಗುತ್ತವೆ. ಒತ್ತಕ್ಷರ, ಅರ್ಕಾವೊತ್ತುಗಳನ್ನು ಪುಸ್ತಕಗಳೊಡನೆ ಹೋಲಿಸಿ ತಿದ್ದುವ ಶ್ರಮವನ್ನು ಯಾವ ಯಂತ್ರವೂ ಪೂರ್ತಿ ತಪ್ಪಿಸದು; ಆ ಶ್ರಮಕ್ಕೆ ಈ ಪಟ್ಟಿ ಖಂಡಿತ ಯೋಗ್ಯವಾಗಿದೆ. ತಿದ್ದಿದ ಪಟ್ಟಿಯನ್ನು ಮಾರ್ಕ್ ಎಂಬ ಗ್ರಂಥಾಲಯ ಮಾದರಿಗೆ ತಂದರೆ ಮುಕ್ತ ತಂತ್ರಾಂಶವಾದ ಕೋಹಾಗೆ ಸೇರಿಸಬಹುದು.